ಮ್ಯೂಸಿಕ್ ಇಲ್ಲದೆ ಸತ್ಯವೇದದ ಕತೆ ರೆಕಾರ್ಡ್ ಮಾಡಿದ್ದು: ನನ್ನ ಅನುಭವ

ಸತ್ಯವೇದದ (ಬೈಬಲಿನ) ಕತೆಗಳನ್ನ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಇಲ್ಲದೆ, ಬರೀ ಓದು, ಕತೆಯೊಳಗೇ ಇರುವ ಶಬ್ದ, ಮತ್ತೆ ಮೌನ ಇಷ್ಟರಲ್ಲೇ ಆಡಿಯೋ ಮಾಡ್ತೇನೆ ಅಂದಾಗ ನಮ್ಮ ಸಭೆಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಎಂತ ಮಾರಾಯ, ವಾರ್ತೆ ಓದಿದ ಹಾಗೆ ಆಗ್ತದೆ" ಅಂತ ಕ್ವಾಯರ್‌ನವರು. ಈಗ ಕಣ್ಣು ಕಾಣದ ಅಜ್ಜಿಯಂದಿರು ಮುಂದಿನದ್ದು ಯಾವಾಗ ಅಂತ ಫೋನ್ ಮಾಡ್ತಾರೆ, ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೀತಿದ್ದೇನೆ.

ಮೊದಲನೇದು ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನಿಗೆ ದೇವರ ಸ್ವರ ಕೇಳಿದ ಕತೆ. ಸ್ಟುಡಿಯೋ ಗಂಟೆಗೆ ಐನೂರೋ ಆರ್ನೂರೋ, ಕೀಬೋರ್ಡ್‌ನವನಿಗೆ ಬೇರೆ, ಅವನ ಊಟ ಬೇರೆ, ಎಲ್ಲ ಸೇರಿ ಎಂಟೊಂಬತ್ತು ಸಾವಿರ ಹೋಯ್ತು. ಕತೆಯಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ, ಮೂರರಲ್ಲೂ ದೇವರಿಲ್ಲ, ಆಮೇಲೆ ಒಂದು ಮೆಲುದನಿ, ಸರಿ ಅಲ್ಲೇ ನಮ್ಮ ಕೀಬೋರ್ಡ್‌ನವನ ಸ್ಟ್ರಿಂಗ್ಸ್ ಜೋರಾಗಿ ಎದ್ದಿತು! ರೆಕಾರ್ಡಿಂಗಲ್ಲಿ ಗಾಳಿಗಿಂತ ಮೆಲುದನಿಯೇ ಜೋರು.

ಎರಡನೇ ಸಲ ಮನೆಯಲ್ಲೇ, ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ. ಮ್ಯೂಸಿಕ್ ಪೂರ್ತಿ ತೆಗೆದೆ, ನಾಯ್ಸ್ ಗೇಟ್ (ಸಣ್ಣ ಶಬ್ದವನ್ನ ಪೂರ್ತಿ ಮುಚ್ಚುವ ಫಿಲ್ಟರ್) ಹಾಕಿ ಮೌನವನ್ನ ಸೊನ್ನೆ ಮಾಡಿದೆ. ವಾಟ್ಸಾಪಲ್ಲಿ ಹಾಕಿದ್ದೇ ತಡ, "ಆಡಿಯೋ ಅರ್ಧಕ್ಕೆ ಕಟ್ಟಾಗಿದೆ, ಪುನಃ ಕಳ್ಸಿ" ಅಂತ ಸಾಲು ಸಾಲು ಮೆಸೇಜ್. ಒಬ್ಬರಂತೂ ಫೋನ್ ರಿಪೇರಿಗೆ ಕೊಟ್ಟೇ ಬಿಟ್ಟಿದ್ರು. ಮೌನದ ಜಾಗಕ್ಕೂ ರೂಮ್ ಟೋನ್, ಅಂದ್ರೆ ಖಾಲಿ ಕೋಣೆಯ ಸಣ್ಣ ಸದ್ದು, ಬೇಕು, ಆದ್ರೆ ರೂಮ್ ಯಾವುದು ಅನ್ನೋದು ಮುಖ್ಯ. ನಾನು ಆರಾಧನೆ ಮುಗಿದು ಜನ ಹೋದ ಮೇಲೆ, ಫ್ಯಾನ್ ಆಫ್ ಮಾಡಿ, ಖಾಲಿ ದೇವಾಲಯದಲ್ಲೇ ತೆಗೆದೆ. ಅದನ್ನ ಮೌನದ ಅಡಿಗೆ ಹಾಕಿದ ಮೇಲೆ ಕಟ್ಟಾಯ್ತು ಅಂತ ಯಾರೂ ಹೇಳಲಿಲ್ಲ.

ಅದಕ್ಕಿಂತ ದೊಡ್ಡ ವಿಷಯ, ಮೌನಕ್ಕೆ ಮೊದಲು ಎಷ್ಟು ಗಲಾಟೆ ಅನ್ನೋದು. ಕರ್ಮೆಲ್ ಬೆಟ್ಟದಲ್ಲಿ ಬಾಳ ಅನ್ನುವ ದೇವರ 450 ಪ್ರವಾದಿಗಳು ಬೆಂಕಿ ಕಳಿಸು ಅಂತ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂಗ್ತಾರೆ, ಉತ್ತರ ಇಲ್ಲ. ಆ ಕೂಗು ಐದು ಸೆಕೆಂಡಲ್ಲಿ ಮುಗಿಸಿದ್ರೆ ಉತ್ತರ ಬರದೆ ಇದ್ದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ನಾನು ಹೆಚ್ಚುಕಮ್ಮಿ ಮುಕ್ಕಾಲು ನಿಮಿಷ ಕೂಗಿಸಿದೆ, ಕೇಳುವವರಿಗೆ ಕಿರಿಕಿರಿ ಆಗುವಷ್ಟು, ಆಮೇಲೆ ಫೇಡ್ ಮಾಡದೆ (ನಿಧಾನಕ್ಕೆ ಇಳಿಸದೆ) ಒಮ್ಮೆಲೇ ಕಟ್. ಫೇಡ್ ಮಾಡಿದ್ರೆ ಸೀನ್ ಮುಗೀತು ಅಂತ ಅನ್ನಿಸ್ತದೆ, ಕಟ್ ಮಾಡಿದ್ರೆ ಯಾರೋ ಉತ್ತರ ಕೊಡ್ತಿಲ್ಲ ಅಂತ.

ಸಮುವೇಲನ ಕತೆಗೆ ನಮ್ಮ ಅಯ್ಯನವರು (ಪಾಸ್ಟರ್) "ದೇವರ ಸ್ವರಕ್ಕೆ ಸ್ವಲ್ಪ ಎಕೋ ಹಾಕಿ" ಅಂದ್ರು. ನಾನು ಒಪ್ಪಲಿಲ್ಲ. ರಾತ್ರಿ ದೇವರು ಕರೆದಾಗ ಹುಡುಗ ಸಮುವೇಲ ಮೂರು ಸಲ ಎದ್ದು ಮುದುಕ ಯಾಜಕ ಏಲಿಯ ಹತ್ರ ಓಡ್ತಾನೆ, ಅಂದ್ರೆ ಅವನಿಗೆ ಅದು ಮುದುಕ ಕರೆದ ಹಾಗೇ ಕೇಳಿದೆ. ಎಕೋ ಹಾಕಿದ್ರೆ ಹುಡುಗ ಪೆದ್ದ ಆಗ್ತಾನೆ ಅಷ್ಟೇ. ಏಲಿ ಪಾತ್ರದವರ ಕೈಲೇ ಕರೆಸಿದೆ, ಅದೇ ಮೈಕ್, ಬಾಯಿ ಸ್ವಲ್ಪ ಹತ್ತಿರ. ಕೇಳಿದ ಮೇಲೆ ಅಯ್ಯನವರು ಎಕೋ ವಿಷಯ ತೆಗೆಯಲಿಲ್ಲ.

ಗಿದ್ಯೋನನ ಕತೆಗೆ ಮಡಕೆ ಒಡೆಯಬೇಕಿತ್ತು, ರಾತ್ರಿ ಶತ್ರುಗಳನ್ನ ಹೆದರಿಸಲಿಕ್ಕೆ ಅವನ 300 ಜನರ ಕೈಯಲ್ಲೂ ಒಂದೊಂದು. ಹೊಸ ಮಡಕೆ ಎಂಟೋ ಹತ್ತೋ ತಂದು ಅಂಗಳದಲ್ಲಿ ಒಡೆದೆ, ಏಳ್ನೂರು ರೂಪಾಯಿ ಹತ್ರ ದಂಡ, ಶಬ್ದ ಬರೀ ಡಬ್ ಅಂತ. ಕೊನೆಗೆ ಹಿತ್ತಲಲ್ಲಿ ಬಿದ್ದಿದ್ದ ಹಳೇ ಮಂಗಳೂರು ಹಂಚು ಎತ್ತಿ ಹಾಕಿದೆ ನೋಡಿ, ಎಂಥಾ ಶಬ್ದ! ಬಾಸೆಲ್ ಮಿಶನ್‌ನವರು 1865ರಲ್ಲಿ ಇಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಗಿದ್ಯೋನನಿಗೂ ಉಪಯೋಗಕ್ಕೆ ಬಂತು. ಲೇಯರ್ ಮಾಡುವಾಗ (ಒಡೆದ ಶಬ್ದಗಳನ್ನ ಒಂದರ ಮೇಲೊಂದು ಸೇರಿಸುವಾಗ) ಎಲ್ಲ ಒಟ್ಟಿಗೆ ಇಡಬೇಡಿ, ಸ್ವಲ್ಪ ಹಿಂದೆ ಮುಂದೆ ಇರಲಿ. ಎಲೀಯನ ಗಾಳಿ ಎಂತದ್ರಿಂದ ಮಾಡಿದ್ದು ಅಂತ ಸುಮಾರು ಜನ ಕೇಳ್ತಾರೆ, ಅದನ್ನ ಮಾತ್ರ ಹೇಳುವುದಿಲ್ಲ. ಅಡುಗೆಮನೆಯಲ್ಲೇ ಉಂಟು, ಹುಡುಕಿ.

ಇನ್ನೊಂದು ಹುಚ್ಚು ಮಾಡಿದ್ದೆವು. ಸತ್ಯವೇದದ ಕೊನೆಯ ಪುಸ್ತಕ ಪ್ರಕಟನೆ 8ರಲ್ಲಿ ಪರಲೋಕದಲ್ಲಿ ಸುಮಾರು ಅರ್ಧ ಗಂಟೆ ನಿಶ್ಶಬ್ದ ಅಂತ ಬರ್ತದಲ್ಲ, ಯೂತ್‌ನವರನ್ನ ಕೂರಿಸಿ ರೆಕಾರ್ಡರ್ ಆನ್ ಮಾಡಿಟ್ಟೆ. ಹತ್ತು ನಿಮಿಷಕ್ಕೆ ಕೆಮ್ಮು, ಆಮೇಲೆ ನಗು, ಹದಿನೈದಕ್ಕೆ ಒಬ್ಬ ಹೊರಗೆ. ಆಡಿಯೋಗೆ ಪ್ರಯೋಜನ ಇಲ್ಲ, ಆದ್ರೆ ಎರಿಕೋ ಪಟ್ಟಣದ ಗೋಡೆ ಸುತ್ತಿದ ಆರು ದಿವಸ ಇಸ್ರಾಯೇಲ್ ಜನ ತುಟಿ ಬಿಚ್ಚದೆ ಇದ್ದದ್ದು ಎಷ್ಟು ಕಷ್ಟ ಅಂತ ಅವತ್ತು ಅಂದಾಜಾಯ್ತು.

ಜನ ಒಪ್ಪಿದ್ದು ಅಬ್ರಹಾಮ ಇಸಾಕನ ಕತೆಯಿಂದ. ದೇವರು ಹೇಳಿದ ಹಾಗೆ ಮಗನನ್ನೇ ಬಲಿ ಕೊಡಲಿಕ್ಕೆ ಅಪ್ಪ ಕರ್ಕೊಂಡು ಹೋಗ್ತಾನೆ, ಬೆಟ್ಟ ಹತ್ತುವಾಗ ಮಗ ಒಂದೇ ಪ್ರಶ್ನೆ ಕೇಳ್ತಾನೆ, ಬಲಿಗೆ ಕುರಿ ಎಲ್ಲಿ ಅಂತ, ಅಪ್ಪ ಉತ್ತರ ಕೊಡ್ತಾನೆ, ಆಮೇಲೆ ಆ ಅಧ್ಯಾಯದಲ್ಲಿ ಇಸಾಕನ ಬಾಯಿಂದ ಒಂದು ಮಾತಿಲ್ಲ, ಅವನನ್ನ ಕಟ್ಟುವಾಗಲೂ ಇಲ್ಲ. ಮಾತಿಗೆ ಮೊದಲೂ ಆಮೇಲೂ ಇಬ್ಬರೂ ಜೊತೆಯಾಗಿ ಹೋದ್ರು ಅಂತ ಉಂಟಲ್ಲ, ಎರಡು ಕಡೆಯೂ ಬರೀ ಹೆಜ್ಜೆ ಶಬ್ದ ಇಟ್ಟೆ, ಎರಡನೇ ಸಲ ಜಾಸ್ತಿ ಹೊತ್ತು. ಲೆಂಟ್‌ನಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ದೇವಾಲಯದ ಸ್ಪೀಕರಲ್ಲಿ ಹಾಕಿದಾಗ ಮಕ್ಕಳೂ ಅಲ್ಲಾಡಲಿಲ್ಲ. ಖರ್ಚು ಕೇಳಿದ್ರೆ ನಗ್ತೀರಿ, ಹೆಜ್ಜೆ ಶಬ್ದಕ್ಕೆ ಜಲ್ಲಿ ತಂದ ಆಟೋ ಬಾಡಿಗೆ ಇನ್ನೂರು.

ಮುಂದಿನದ್ದು ಸೊಲೊಮೋನನ ದೇವಾಲಯ. ಕಲ್ಲೆಲ್ಲ ಗಣಿಯಲ್ಲೇ ಕೆತ್ತಿ ತಂದದ್ದು, ಕಟ್ಟುವಲ್ಲಿ ಸುತ್ತಿಗೆ ಶಬ್ದ ಕೇಳ್ಲಿಲ್ಲ. ಕೇಳ್ಲಿಲ್ಲ ಅನ್ನಬೇಕಾದ್ರೆ ಮೊದಲು ಗಣಿಯದ್ದು ಚೆನ್ನಾಗಿ ಕೇಳಿಸಬೇಕು, ಹಾಗಾಗಿ ರೆಕಾರ್ಡರ್ ಹಿಡ್ಕೊಂಡು ಕಾರ್ಕಳದ ಕಡೆ ಕಲ್ಲು ಕೆತ್ತುವವರ ಹತ್ರ ಹೋಗುವುದುಂಟು. ಮೆಷಿನ್ ಬಂದ್ ಮಾಡಿ ಉಳಿಯಲ್ಲೇ ಕೆತ್ತಲಿಕ್ಕೆ ಅರ್ಧ ದಿವಸದ ಕೂಲಿ ಕೊಡಿ ಅಂತಿದ್ದಾರೆ, ಮಾತುಕತೆ ನಡೀತಾ ಉಂಟು.