ಹದಿನಾಲ್ಕು ಪುಟ ಹೋಗಿ ಒಂದು ವಾಕ್ಯ ಉಳಿಯಿತು

ಸಂಶೋಧನೆಗೆ ಸೇರಿದಾಗ ನನ್ನ ವಿಷಯ ‘ಮಂಡ್ಯ ಜಿಲ್ಲೆಯ ಆಲೆಮನೆಗಳು: ಒಂದು ಅಧ್ಯಯನ’. ಈ ‘ಒಂದು ಅಧ್ಯಯನ’ ಅನ್ನೋದು ಬಹಳ ಅನುಕೂಲದ ಮಾತು. ಏನು ಬರೆದರೂ ಅದರಲ್ಲಿ ಹಿಡಿಸುತ್ತದೆ. ನಾನೂ ಹಿಡಿಸಿದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರ ಸಕ್ಕರೆ ಕಾರ್ಖಾನೆ, ಎಲ್ಲ ಸೇರಿ ಹದಿನಾಲ್ಕು ಪುಟ. ಮಾನಸಗಂಗೋತ್ರಿಯಲ್ಲಿ ನಮ್ಮ ಗೈಡ್ ಮೇಡಂ ಅಷ್ಟನ್ನೂ ಓದಿ ಪೆನ್ಸಿಲ್ ಕೆಳಗಿಟ್ಟರು. “ಎಲ್ಲಾ ಸರಿ ಕಣಮ್ಮ. ಯಾರಾದ್ರೂ ‘ಇಲ್ಲ’ ಅನ್ನಬಹುದಾದ ಮಾತು ಇದರಲ್ಲಿ ಒಂದಾದ್ರೂ ಇದ್ಯಾ?”

ಇರಲಿಲ್ಲ.

ರೋಷದಲ್ಲಿ ಅವತ್ತೇ ರಾತ್ರಿ ಬರೆದೆ: ‘ಸಕ್ಕರೆ ಕಾರ್ಖಾನೆ ಬಂದದ್ದರಿಂದ ಆಲೆಮನೆಗಳು ಮುಚ್ಚಿದವು.’ ವಾದ ಸಿಕ್ಕಿತು ಅಂತ ಖುಷಿಯೋ ಖುಷಿ. ಆದರೆ ನನ್ನದೇ ನೋಟ್‌ಬುಕ್ ತೆಗೆದು ನೋಡಿದರೆ, ನಮ್ಮೂರ ಸುತ್ತ ಆಲೆಮನೆಗಳು ಮುಚ್ಚಿದ್ದು 2000ದ ಈಚೆಗೆ. ಕಾರ್ಖಾನೆ ಶುರುವಾಗಿ ಆಗಲೇ ಅರವತ್ತೇಳು ವರ್ಷ! ಕಾರಣ ಅನ್ನೋದು ಅಷ್ಟು ಕಾಲ ಸುಮ್ನೆ ಕೂತಿರುತ್ತಾ?

ಮತ್ತೆ ಊರಿಗೆ ಹೋದೆ. ಆಲೆಮನೆ ಮುಚ್ಚಿದ್ದ ಒಬ್ಬ ಯಜಮಾನರು ಬೋರಲು ಹಾಕಿದ್ದ ಕೊಪ್ಪರಿಗೆ ತೋರಿಸಿ ಹೇಳಿದರು: “ಕಬ್ಬೇನೋ ಸಿಗ್ತದೆ ಕಣವ್ವ. ಇದರ ಮುಂದೆ ನಿಂತು ಪಾಕದ ಹದ ನೋಡೋನು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ, ಅದೇ ರಚ್ಚು, ಹಾಕೋನು ಸಿಗಲ್ಲ.” ಆಳಿನ ಕೊರತೆಯೇ ಕಾರಣ ಅಂತ ವಾದ ಬದಲಾಯಿಸಿದೆ. ಅಷ್ಟರಲ್ಲಿ ಪಕ್ಕದ ಊರಿನಲ್ಲೊಂದು ಆಲೆಮನೆ ಚೆನ್ನಾಗಿಯೇ ನಡೆಯುತ್ತಿದ್ದದ್ದು ಗೊತ್ತಾಯಿತು. ಅವರು ಉತ್ತರ ಪ್ರದೇಶದಿಂದ ಆಳು ಕರೆಸಿಕೊಂಡಿದ್ದರು. ಇವರನ್ನು ಸದ್ದಿಲ್ಲದೆ ಅಡಿಟಿಪ್ಪಣಿಗೆ ತಳ್ಳಿಬಿಡೋಣ ಅನ್ನಿಸಿತು. ಮೇಡಂ ಬಿಡಲಿಲ್ಲ. “ನಿನ್ನ ಮಾತಿಗೆ ಅಡ್ಡ ಬರೋನನ್ನೇ ಮುಂದೆ ಕೂರಿಸು” ಅಂದರು. ಕೂರಿಸಿದ ಮೇಲೆ ವಾಕ್ಯ ಹೀಗಾಯಿತು: ‘ನಮ್ಮೂರ ಸುತ್ತ ಉಳಿದದ್ದು, ಹೊರಗಿನ ಆಳಿಗೆ ಮುಂಗಡ ಮತ್ತು ವಸತಿ ಕೊಡುವ ಶಕ್ತಿ ಇದ್ದವರ ಆಲೆಮನೆಗಳು ಮಾತ್ರ.’ ಜಿಲ್ಲೆ ಹೋಗಿ ನಾಲ್ಕೈದು ಊರಾಯಿತು. ಹದಿನಾಲ್ಕು ಪುಟದಲ್ಲಿ ನಾಲೆಯ ಬಗ್ಗೆ ಒಂದು ಪ್ಯಾರಾ ಉಳಿಯಿತು. ಕರುಳು ಕಿತ್ತು ಬಂದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ.

ನೋಟ್ಸ್ ವಿಷಯದಲ್ಲೂ ಒಂದು ಪೆಟ್ಟು ತಿಂದೆ. ನನ್ನ ಪುಸ್ತಕದಲ್ಲಿ ಒಂದು ಸೊಗಸಾದ ವಾಕ್ಯ ಇತ್ತು. ನಾನು ಬರೆದದ್ದೋ, ಎಲ್ಲಿಂದಲೋ ಇಳಿಸಿಕೊಂಡದ್ದೋ ನೆನಪಿಲ್ಲ. ಲೈಬ್ರರಿಯಲ್ಲಿ ಒಂದು ದಿನ ಇಡೀ ಹುಡುಕಿದೆ. ನನ್ನದಲ್ಲ. ಬೇಜಾರಾಯಿತು, ಅಷ್ಟು ಚೆನ್ನಾಗಿತ್ತು. ಅವತ್ತಿನಿಂದ ಬೇರೆಯವರ ಮಾತನ್ನು ನೀಲಿ ಇಂಕಿನಲ್ಲಿ, ಉದ್ಧರಣ ಚಿಹ್ನೆ ಹಾಕಿ, ಪುಟದ ಸಂಖ್ಯೆ ಸಮೇತ ಬರೆಯುತ್ತೇನೆ. ನನ್ನ ಮಾತು ಪೆನ್ಸಿಲ್‌ನಲ್ಲಿ. ಮೊದಮೊದಲು ಪುಟಗಟ್ಟಲೆ ನೀಲಿಯೇ ಇರುತ್ತಿತ್ತು. ಅಂಥ ಪುಟ ನೋಡಿದರೆ ನಾನಿನ್ನೂ ಯೋಚನೆಯೇ ಮಾಡಿಲ್ಲ ಅಂತ ಗೊತ್ತಾಗುತ್ತಿತ್ತು.

ಮೊನ್ನೆ ಅಧ್ಯಾಯ ವಾಪಸ್ ಬಂತು. ‘ಮಾತ್ರ’ ಅನ್ನೋ ಪದದ ಕೆಳಗೆ ಗೆರೆ, ಪಕ್ಕದಲ್ಲಿ “ಎಲ್ಲರನ್ನೂ ಕೇಳಿದ್ಯಾ?” ಅಂತ ಬರೆದಿದ್ದರು. ಇನ್ನೂ ಇಬ್ಬರು ಬಾಕಿ ಇದ್ದಾರೆ. ಭಾನುವಾರ ಮಂಡ್ಯದ ಬಸ್ಸು ಹತ್ತಬೇಕು.