ಹರಾಜು ಖಾತೆ ಕಳ್ಳರ ಕೈಸೇರಿದಾಗ

ಹಾಸನದ ಮನೆಯಲ್ಲಿ ಕುಳಿತು ಹಳೆಯ ನಾಣ್ಯಗಳಿಗೆ ಆನ್‌ಲೈನ್ ಹರಾಜು ಕೂಗುವ ನಿಮಗೆ, ಬೆಳಗಿನ ಜಾವ, ನೀವು ಕೊಳ್ಳದ ಕ್ಯಾಮೆರಾಕ್ಕೆ ಹಣ ಕಡಿತವಾದ ಸಂದೇಶ ಬಂದರೆ, ಕೂಡಲೇ ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನು ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬೆನ್ನಿಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ ದೂರು ಕೊಡಿ. ಪಾಸ್‌ವರ್ಡ್ ಬದಲಿಸುವಾಗ ಇಮೇಲ್‌ನಿಂದಲೇ ಆರಂಭಿಸಬೇಕು, ಏಕೆಂದರೆ ಅದು ಕಳ್ಳನ ಕೈಯಲ್ಲಿ ಉಳಿದರೆ ಹರಾಜು ಖಾತೆಯ ಹೊಸ ಪಾಸ್‌ವರ್ಡನ್ನೂ ಅವನು ಮತ್ತೆ ಬದಲಿಸಬಲ್ಲ. ಖಾತೆಯಲ್ಲಿ ಅಪರಿಚಿತ ವಿಳಾಸ ಸೇರಿದ್ದರೆ, ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಅದೇ ನಿಮ್ಮ ಗಟ್ಟಿಯಾದ ಸಾಕ್ಷ್ಯ. ಸರಕು ಕಳುಹಿಸದಂತೆ ಮಾರಾಟಗಾರರಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದೂ ಬ್ಯಾಂಕಿನದೂ ಅಲ್ಲದಿದ್ದಲ್ಲಿ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟದ ಹೊಣೆ ಬೀಳುವುದಿಲ್ಲ. ಆದ್ದರಿಂದ ಶಾಖೆಗೆ ಹೋಗಿ ಲಿಖಿತ ದೂರು ಕೊಟ್ಟು, ದಿನಾಂಕವಿರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ.