ಬೈಕು ನಿಂತರೂ ಸಿಗ್ನಲ್ ಹಸಿರಾಗುತ್ತಿಲ್ಲವೇ? ಕೆಳಗೆ ರಸ್ತೆ ನೋಡಿ

ಬೆಳಗಿನ ಜಾವ 5:20. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕೆಲಸಕ್ಕೆ ಹೊರಟಿದ್ದೆ. ಎಡಕ್ಕೆ ತಿರುಗುವ ಲೇನಿನಲ್ಲಿ ನನ್ನ ಬೈಕು ಒಂದೇ. ಎದುರಿಗೆ ಕೆಂಪು ಬಾಣ. ನೇರ ಹೋಗುವವರಿಗೆ ಹಸಿರು ಬಂತು, ಹೋಯಿತು. ಅಡ್ಡರಸ್ತೆಗೂ ಬಂತು, ಹೋಯಿತು. ನನ್ನ ಬಾಣ ಮಾತ್ರ ಕೆಂಪಾಗಿಯೇ ಉಳಿಯಿತು. ಹೀಗೆ ಮೂರು ಸುತ್ತು ಆಯಿತು. ಕೊನೆಗೆ ಹಿಂದಿನಿಂದ ಒಂದು ಪಿಕಪ್ ಟ್ರಕ್ಕು ಬಂದು ನಿಂತಿತು. ಮುಂದಿನ ಸರದಿಯಲ್ಲೇ ಬಾಣ ಹಸಿರಾಯಿತು.

ಅಮೆರಿಕದಲ್ಲಿ ಬೈಕು ಓಡಿಸುವ ನಮ್ಮ ಕನ್ನಡದ ಗೆಳೆಯರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಊರಿನಲ್ಲಿ ಗಾಡಿ ಕಲಿತವರಿಗೆ ಇದು ಹೊಸ ಕಷ್ಟ. ನಾವು ಕಂಡ ಸಿಗ್ನಲ್‌ಗಳು ಹೆಚ್ಚಾಗಿ ಟೈಮರಿನ ಮೇಲೆ ನಡೆಯುತ್ತಿದ್ದವು. ರಸ್ತೆಯಲ್ಲಿ ಜನ ಇರಲಿ ಬಿಡಲಿ, ಎಣಿಕೆ ಮುಗಿದರೆ ನಮ್ಮ ಸರದಿ ಬಂತು ಅಂತಲೇ ಲೆಕ್ಕ. ಇಲ್ಲಿನ ಬಹಳಷ್ಟು ಸಿಗ್ನಲ್‌ಗಳು ಹಾಗಲ್ಲ. ಲೇನಿನಲ್ಲಿ ಯಾರಾದರೂ ಇದ್ದಾರಾ ಅಂತ ಮೊದಲು ನೋಡುತ್ತವೆ. ಇಲ್ಲ ಅನ್ನಿಸಿದರೆ ಆ ಲೇನಿನ ಸರದಿಯನ್ನೇ ಬಿಟ್ಟು ಮುಂದಕ್ಕೆ ಹೋಗುತ್ತವೆ. ಹಾಗಾಗಿ ನೀವು ಅಲ್ಲಿದ್ದೀರಿ ಅಂತ ಸಿಗ್ನಲ್‌ಗೆ ತಿಳಿಯಬೇಕು. ಅದು ಹೇಗೆ ತಿಳಿಯುತ್ತದೆ ಅನ್ನುವುದು ಗೊತ್ತಾದರೆ ಕಾಯುವ ಕಷ್ಟ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ.

ಸಿಗ್ನಲ್ ತೂಕ ನೋಡುವುದಿಲ್ಲ

ಬೈಕು ಹಗುರ, ಅದಕ್ಕೇ ಸಿಗ್ನಲ್‌ಗೆ ಗೊತ್ತಾಗುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಈ ನಂಬಿಕೆಗೂ ಒಂದು ಹಿನ್ನೆಲೆ ಇದೆ. ವಾಹನ ಬಂದಿದ್ದನ್ನು ತಿಳಿದು ಬದಲಾಗುವ ಸಿಗ್ನಲ್ 1928ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಬಂತು. ಚಾರ್ಲ್ಸ್ ಆಡ್ಲರ್ ಎಂಬ ಇಂಜಿನಿಯರ್ ಮಾಡಿದ್ದು. ಅಡ್ಡರಸ್ತೆಯಲ್ಲಿ ನಿಂತವರು ಹಾರ್ನ್ ಹೊಡೆಯಬೇಕು, ಕಂಬದ ಮೇಲಿನ ಮೈಕು ಕೇಳಿಸಿಕೊಂಡು ದೀಪ ಬದಲಿಸುತ್ತಿತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ರಸ್ತೆಯಲ್ಲಿ ಹೂತ ಪಟ್ಟಿಯನ್ನು ಚಕ್ರ ಒತ್ತಿದರೆ ಕೆಲಸ ಮಾಡುವ ಸಾಧನವೂ ಬಂತು. ತೂಕದ ಮಾತು ಆ ಕಾಲದ್ದು. 1960ರ ದಶಕದಲ್ಲಿ ತಂತಿಯ ಲೂಪ್ ಬಂದ ಮೇಲೆ ತೂಕಕ್ಕೂ ಸಿಗ್ನಲ್‌ಗೂ ಸಂಬಂಧ ಹೋಯಿತು.

ಲೂಪ್ ಅಂದರೆ ಇಷ್ಟೇ. ಡಾಂಬರಿನಲ್ಲಿ ಗರಗಸದಿಂದ ಸಣ್ಣ ಸೀಳು ಮಾಡಿ, ಅದರಲ್ಲಿ ತಂತಿಯನ್ನು ಮೂರು ನಾಲ್ಕು ಸುತ್ತು ಹಾಕಿ, ಮೇಲೆ ಕಪ್ಪು ಅಂಟು ಸುರಿದು ಮುಚ್ಚುತ್ತಾರೆ. ಸಾಮಾನ್ಯವಾಗಿ 6 ಅಡಿಗೆ 6 ಅಡಿ ಚೌಕ. ತಂತಿಯ ಎರಡು ತುದಿ ರಸ್ತೆಯ ಅಂಚಿಗೆ, ಅಲ್ಲಿಂದ ಮೂಲೆಯಲ್ಲಿರುವ ಕಬ್ಬಿಣದ ಪೆಟ್ಟಿಗೆಗೆ ಹೋಗುತ್ತದೆ. ಆ ಪೆಟ್ಟಿಗೆಯ ಒಳಗಿನ ಕಾರ್ಡು ತಂತಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಸುತ್ತಿರುತ್ತದೆ. ಮೇಲೆ ಲೋಹ ಬಂದು ನಿಂತರೆ ಆ ಲೋಹದ ಒಳಗೂ ಸುಳಿಯಂತೆ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದರಿಂದ ತಂತಿಯಲ್ಲಿನ ತುಡಿತದ ವೇಗ ಒಂಚೂರು ಏರುತ್ತದೆ. ಕಾರ್ಡು ಅದನ್ನು ಗುರುತಿಸಿ, ಇಲ್ಲಿ ಗಾಡಿ ಇದೆ ಅಂತ ಸಿಗ್ನಲ್‌ಗೆ ಹೇಳುತ್ತದೆ.

ಇದರಲ್ಲಿ ನಮಗೆ ಬೇಕಾದ ಮಾತು ಎರಡು. ಒಂದು, ವಿದ್ಯುತ್ ಹರಿಯಬಲ್ಲ ಲೋಹ ಇದ್ದರೆ ಸಾಕು. ಅದು ಕಬ್ಬಿಣವೇ ಆಗಬೇಕೆಂದಿಲ್ಲ. ಅಲ್ಯುಮಿನಿಯಂ ರಿಮ್ಮು, ಇಂಜಿನ್ನಿನ ಕೇಸು ಎಲ್ಲ ಲೆಕ್ಕಕ್ಕೆ ಬರುತ್ತವೆ. ಎರಡು, ಲೋಹ ತಂತಿಗೆ ಹತ್ತಿರ ಇರಬೇಕು. ಕಾರು ಅಗಲವಾಗಿರುವುದರಿಂದ ಹೇಗೆ ನಿಂತರೂ ಚೌಕವನ್ನು ಮುಚ್ಚುತ್ತದೆ. ಬೈಕು ಹಾಗಲ್ಲ. ಚೌಕದ ನಟ್ಟನಡುವೆ ನಿಂತರೆ ಎರಡೂ ಬದಿಯ ತಂತಿಗೆ ದೂರವಾಗುತ್ತದೆ. ಲೇನಿನ ಮಧ್ಯೆ ಶಿಸ್ತಾಗಿ ನಿಂತವರಿಗೇ ಹಸಿರು ಸಿಗದಿರುವುದು ಇದಕ್ಕೇ.

ಮೊದಲು ಗೆರೆ ಹುಡುಕಿ

ಸಿಗ್ನಲ್ ಹತ್ತಿರ ಬರುವಾಗ, ವೇಗ ಕಡಿಮೆಯಾದ ಮೇಲೆ, ಸ್ಟಾಪ್ ಲೈನಿನ ಹಿಂದಿನ ನೆಲವನ್ನು ಒಮ್ಮೆ ನೋಡಿ. ಡಾಂಬರಿಗಿಂತ ಕಪ್ಪಾದ, ಕಿರುಬೆರಳಿಗಿಂತ ಸಣ್ಣ ಗೆರೆಗಳು ಕಾಣುತ್ತವೆ. ನಾಲ್ಕು ಮೂಲೆಗಳನ್ನು ಓರೆಯಾಗಿ ಕತ್ತರಿಸಿರುತ್ತಾರೆ, ತಂತಿ ಚೂಪಾಗಿ ಮಡಿಚಿ ತುಂಡಾಗಬಾರದು ಅಂತ. ಒಂದು ಗೆರೆ ಚೌಕದಿಂದ ಹೊರಟು ಫುಟ್‌ಪಾತಿನ ಕಡೆಗೋ ಡಿವೈಡರಿನ ಕಡೆಗೋ ಹೋಗಿರುತ್ತದೆ. ಅದು ಕಂಡರೆ ಲೂಪ್ ಸಿಕ್ಕಿತು ಅಂತಲೇ. ರಸ್ತೆಯ ಬಿರುಕಿಗೆ ಟಾರು ಸುರಿದ ಗೆರೆಗಳು ಅಂಕುಡೊಂಕಾಗಿರುತ್ತವೆ, ಅವನ್ನು ಲೂಪ್ ಅಂತ ತಿಳಿಯಬೇಡಿ. ಲೂಪಿನ ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿರುತ್ತದೆ.

ನನಗೆ ಇವು ಮೊದಲ ಸಲ ಸರಿಯಾಗಿ ಕಂಡಿದ್ದು ಮಳೆ ನಿಂತ ಒಂದು ಬೆಳಿಗ್ಗೆ. ರಸ್ತೆ ಅಲ್ಲಲ್ಲಿ ಒಣಗಿತ್ತು. ಅಂಟು ತುಂಬಿದ ಸೀಳುಗಳಲ್ಲಿ ಮಾತ್ರ ನೀರು ನಿಂತು, ಬೀದಿದೀಪದ ಬೆಳಕಿಗೆ ಇಡೀ ಚೌಕ ಹೊಳೆಯುತ್ತಿತ್ತು. ಒಂದಲ್ಲ, ಒಂದರ ಹಿಂದೆ ಒಂದು ನಾಲ್ಕು ಚೌಕ. ಎಷ್ಟೋ ತಿಂಗಳಿಂದ ಅವುಗಳ ಮೇಲೇ ಓಡಾಡಿದ್ದೆ, ಒಮ್ಮೆಯೂ ಗಮನಿಸಿರಲಿಲ್ಲ.

ಗೆರೆಯ ಮೇಲೆ ನಿಲ್ಲಿ

ಲೂಪಿನ ಆಕಾರ ನೋಡಿ ಜಾಗ ಆರಿಸಿಕೊಳ್ಳಬೇಕು.

ಬರೀ ಚೌಕ ಇದ್ದರೆ ಎಡ ಅಥವಾ ಬಲ ಬದಿಯ ಗೆರೆಯ ಮೇಲೆ ಎರಡೂ ಚಕ್ರ ಬರುವಂತೆ ನಿಲ್ಲಿ. ಬೈಕಿನ ಉದ್ದವೂ ತಂತಿಯ ಉದ್ದವೂ ಒಂದೇ ದಿಕ್ಕಿಗೆ ಇರಬೇಕು. ಅಡ್ಡ ಗೆರೆಯ ಮೇಲೆ ಮುಂದಿನ ಚಕ್ರ ಇಟ್ಟರೆ ಪ್ರಯೋಜನ ಕಡಿಮೆ. ಚೌಕದ ಬದಲು ದೊಡ್ಡ ವೃತ್ತ ಇದ್ದರೂ ಇದೇ ಲೆಕ್ಕ, ಬಲ ಅಥವಾ ಎಡ ಅಂಚು ಹಿಡಿಯಿರಿ.

ಚೌಕದ ಮಧ್ಯೆ ಉದ್ದಕ್ಕೆ ಇನ್ನೊಂದು ಗೆರೆ ಇದ್ದರೆ, ಅಂದರೆ ಎರಡು ಉದ್ದನೆಯ ಡಬ್ಬಿ ಅಂಟಿಸಿದ ಹಾಗೆ ಕಂಡರೆ, ಆ ನಡುಗೆರೆಯ ಮೇಲೆ ನಿಲ್ಲಿ. ಇದರಲ್ಲಿ ತಂತಿಯನ್ನು ಇಂಗ್ಲಿಷಿನ 8ರ ಹಾಗೆ ಸುತ್ತಿರುತ್ತಾರೆ. ಎರಡೂ ಸುತ್ತಿನ ತಂತಿ ನಡುವೆ ಒಟ್ಟಿಗೆ ಬರುವುದರಿಂದ ಅಲ್ಲೇ ಶಕ್ತಿ ಜಾಸ್ತಿ.

ಚೌಕದ ಒಳಗೆ ಓರೆಗೆರೆಗಳು ಕಂಡರೆ ನಿಮಗೆ ಒಳ್ಳೆಯ ಸುದ್ದಿ. ಸೈಕಲ್ಲು, ಬೈಕುಗಳನ್ನು ಗುರುತಿಸಲಿಕ್ಕೆಂದೇ ಮಾಡಿದ್ದು ಅದು. ಅದರ ನಡುವೆ ನಿಂತರೆ ಸಾಕು.

ಕೆಲವು ಕಡೆ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಸೈಕಲ್ ಸವಾರನ ಚಿಕ್ಕ ಚಿತ್ರ, ಅದರ ಮೇಲೊಂದು ಕೆಳಗೊಂದು ಉದ್ದ ಗೆರೆ ಬರೆದಿರುತ್ತಾರೆ. ಲೂಪಿಗೆ ಚೆನ್ನಾಗಿ ಕಾಣುವ ಜಾಗ ಇದೇ ಅಂತ ಅದರ ಅರ್ಥ. ನಿಮ್ಮ ಲೇನಿನಲ್ಲಿ ಅದಿದ್ದರೆ ಬೇರೆ ಏನೂ ಯೋಚಿಸದೆ ಅದರ ಮೇಲೆ ನಿಲ್ಲಿ.

ರಸ್ತೆಗೆ ಹೊಸದಾಗಿ ಡಾಂಬರು ಹಾಕಿದ್ದರೆ ಗೆರೆ ಕಾಣುವುದಿಲ್ಲ, ತಂತಿ ಮಾತ್ರ ಕೆಳಗೆ ಇರುತ್ತದೆ. ಆಗ ಅಂದಾಜು ಮಾಡಬೇಕು. ಲೇನು 10ರಿಂದ 12 ಅಡಿ ಅಗಲ, ಚೌಕ 6 ಅಡಿ, ಅದೂ ನಡುವೆ. ಹಾಗಾದರೆ ತಂತಿ ಲೇನಿನ ಬಿಳಿಗೆರೆಯಿಂದ 2-3 ಅಡಿ ಒಳಗೆ. ಕಾರುಗಳ ಚಕ್ರ ಉರುಳಿ ಸವೆದ ಜಾಡು ಕೂಡ ಸುಮಾರು ಅಲ್ಲೇ ಇರುತ್ತದೆ. ಕಾರಿನ ಎಡ ಚಕ್ರದ ಜಾಡಿನಲ್ಲಿ ನಿಲ್ಲುವುದನ್ನೇ ನಾನು ಅಭ್ಯಾಸ ಮಾಡಿಕೊಂಡಿದ್ದೇನೆ. ಇದರಿಂದ ಇನ್ನೊಂದು ಲಾಭವಿದೆ. ಸಿಗ್ನಲ್ಲಿನಲ್ಲಿ ಲೇನಿನ ನಡುಭಾಗದ ತುಂಬ ಕಾರುಗಳಿಂದ ತೊಟ್ಟಿಕ್ಕಿದ ಎಣ್ಣೆ ಇರುತ್ತದೆ, ಕಾಲಿಟ್ಟರೆ ಜಾರುತ್ತದೆ. ಮಳೆಯಲ್ಲಿ ಲೂಪಿನ ಅಂಟೂ ಜಾರುತ್ತದೆ. ಚಕ್ರ ಗೆರೆಯ ಮೇಲಿದ್ದರೂ ಕಾಲನ್ನು ಪಕ್ಕದ ಡಾಂಬರಿನ ಮೇಲೆಯೇ ಊರಿ.

ಗೆರೆ ದಾಟಬೇಡಿ, ಸ್ವಲ್ಪ ಕಾಯಿರಿ

ಬೇಗ ಹೋಗುವ ಆತುರಕ್ಕೆ ಸ್ಟಾಪ್ ಲೈನ್ ದಾಟಿ ನಿಲ್ಲುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಇಲ್ಲಿ ಅದು ನಷ್ಟವೇ. ಲೂಪ್ ಇರುವುದು ಗೆರೆಯ ಹಿಂದೆ. ಎಡ ತಿರುವಿನ ಲೇನುಗಳಲ್ಲಿ ಗಾಡಿ ಲೂಪಿನಿಂದ ಆಚೆ ಹೋದ ತಕ್ಷಣ, ಬಂದವರು ಹೊರಟುಹೋದರು ಅಂತ ಸಿಗ್ನಲ್ ಮರೆತುಬಿಡುವುದು ಸಾಮಾನ್ಯ. ಮುಂದೆ ಬಂದಿದ್ದರೆ, ಹಿಂದೆ ಯಾರೂ ಇಲ್ಲದಾಗ, ಕಾಲಿನಿಂದ ತಳ್ಳಿಕೊಂಡು ಹಿಂದಕ್ಕೆ ಬನ್ನಿ. ಚೌಕಗಳು ಸಾಲಾಗಿದ್ದರೆ ಗೆರೆಗೆ ಹತ್ತಿರದ್ದನ್ನೇ ಆರಿಸಿ.

ಸರಿಯಾದ ಜಾಗದಲ್ಲಿ ನಿಂತ ಮೇಲೂ ಒಂದು ಪೂರ್ತಿ ಸುತ್ತು ಕಾಯಬೇಕು. ಹಗಲು ಹೊತ್ತು ದೊಡ್ಡ ರಸ್ತೆಗಳಲ್ಲಿ ಸಾಲು ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸಿರುತ್ತಾರೆ. ನಿಮ್ಮನ್ನು ಗುರುತಿಸಿದ್ದರೂ ನಿಮ್ಮ ಸರದಿ ಬರಲು ಎರಡು ನಿಮಿಷ ಆಗಬಹುದು. ಅಡ್ಡರಸ್ತೆಯಲ್ಲಿ ನಿಂತಿದ್ದರೆ ಮುಖ್ಯರಸ್ತೆಯ ಉದ್ದಕ್ಕೆ ನಡೆಯುವವರ ದೀಪ ನೋಡುತ್ತಿರಿ. ಅದರಲ್ಲಿ ಇಳಿಯೆಣಿಕೆ ಶುರುವಾದರೆ ಅದು ಸಾಮಾನ್ಯವಾಗಿ ಒಳ್ಳೆಯ ಸೂಚನೆ.

ಹಿಂದೆ ಕಾರು ಬಂದು ದೂರದಲ್ಲೇ ನಿಂತರೆ, ಬೈಕನ್ನು ಚೂರು ಮುಂದಕ್ಕೆ ಸರಿಸಿ, ಮುಂದೆ ಬನ್ನಿ ಅಂತ ಕೈ ಮಾಡಿ. ಬಹುತೇಕ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಕಂಬದ ಮೇಲೆ ಕ್ಯಾಮೆರಾ ಇದ್ದರೆ

ಎಲ್ಲ ಕಡೆ ಲೂಪ್ ಇರುವುದಿಲ್ಲ. ನೆಲದಲ್ಲಿ ಯಾವ ಗೆರೆಯೂ ಕಾಣದಿದ್ದರೆ ದೀಪದ ಕಂಬದ ತೋಳಿನ ಕಡೆ ನೋಡಿ. ನಿಮ್ಮ ಲೇನಿನ ಕಡೆ ಮುಖ ಮಾಡಿದ ಸಣ್ಣ ಕ್ಯಾಮೆರಾ ಇರಬಹುದು, ಇಲ್ಲವೇ ಚಪ್ಪಟೆ ರೇಡಾರ್ ಪೆಟ್ಟಿಗೆ ಇರಬಹುದು. ಕ್ಯಾಮೆರಾ ತನ್ನ ಚಿತ್ರದಲ್ಲಿ ಗೊತ್ತು ಮಾಡಿದ ಒಂದು ಚೌಕದೊಳಗೆ ಏನಾದರೂ ಬಂತಾ ಅಂತ ನೋಡುತ್ತದೆ. ಆ ಚೌಕ ಸ್ಟಾಪ್ ಲೈನಿನ ಹಿಂದೆಯೇ ಇರುತ್ತದೆ. ಇಲ್ಲಿ ಅಂಚು ಹಿಡಿಯುವ ಅಗತ್ಯವಿಲ್ಲ, ಲೇನಿನ ನಡುವೆ, ಗೆರೆಯ ಹತ್ತಿರ ನಿಂತರೆ ಸರಿ. ರಾತ್ರಿ ಲೋ ಬೀಮ್ ಹಾಕಿರಲಿ. ಬೆಂಗಳೂರಿನಲ್ಲಿಯೂ ಈಗ ಅನೇಕ ಜಂಕ್ಷನ್‌ಗಳಿಗೆ ಕ್ಯಾಮೆರಾ ನೋಡಿ ಸಮಯ ಬದಲಿಸುವ ಸಿಗ್ನಲ್ ಬಂದಿದೆ. ಹಾಗಾಗಿ ಗೆರೆಯ ಹಿಂದೆ ನಿಲ್ಲುವ ಮಾತು ಅಲ್ಲಿಗೂ ಸಲ್ಲುತ್ತದೆ.

ಇವಕ್ಕೆ ದುಡ್ಡು, ಸಮಯ ಹಾಕಬೇಡಿ

ಬೈಕಿನ ತಳಕ್ಕೆ ಅಂಟಿಸುವ ಅಯಸ್ಕಾಂತ ಮಾರುತ್ತಾರೆ. ಇದನ್ನು ಹಾಕಿದರೆ ಸಿಗ್ನಲ್ ಹಸಿರಾಗುತ್ತದೆ ಅನ್ನುತ್ತಾರೆ. ಲೂಪ್ ಅಯಸ್ಕಾಂತವನ್ನು ಹುಡುಕುವುದೇ ಇಲ್ಲ, ಸುಮ್ನೆ ದುಡ್ಡು ದಂಡ. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವುದರಿಂದಲೂ ಏನೂ ಆಗುವುದಿಲ್ಲ. ಹೈ ಬೀಮ್ ಮಿಟುಕಿಸುವುದಂತೂ ಬೇಡವೇ ಬೇಡ. ಆಂಬುಲೆನ್ಸು, ಫೈರ್ ಇಂಜಿನ್‌ಗಳಿಗೆ ದಾರಿ ಬಿಡಿಸುವ ಬೆಳಕಿನ ಸಾಧನ ಬೇರೆಯೇ ಇದೆ, ನಮ್ಮ ಹೆಡ್‌ಲೈಟ್ ಅದರ ಕೆಲಸ ಮಾಡುವುದಿಲ್ಲ. ಎದುರಿನವರ ಕಣ್ಣಿಗೆ ಹೊಡೆಯುವುದಷ್ಟೇ ಆಗುತ್ತದೆ. ಬೈಕನ್ನು ನೆಲದ ಕಡೆಗೆ ವಾಲಿಸಿ ನೋಡುವವರೂ ಇದ್ದಾರೆ. ಭಾರದ ಗಾಡಿ, ಕೈ ಜಾರಿದರೆ ಕಾಲಿನ ಮೇಲೆಯೇ ಬೀಳುತ್ತದೆ.

ಆದರೂ ಹಸಿರು ಬಾರದಿದ್ದರೆ

ಹಾಸನದಿಂದ ಬಂದಿದ್ದ ನಮ್ಮ ಭಾವನ ಮುಂದೆ ಈ ಕಥೆ ಹೇಳಿದಾಗ ಅವರು ಕೇಳಿದರು: “ಅಲ್ಲಪ್ಪಾ, ಆ ಹೊತ್ತಲ್ಲಿ ನೋಡೋರು ಯಾರಿರ್ತಾರೆ, ಹೋಗ್ಬಿಡೋದಲ್ವಾ?”

ಕೆಲವು ರಾಜ್ಯಗಳಲ್ಲಿ ಕಾನೂನೇ ಅದಕ್ಕೆ ದಾರಿ ಕೊಟ್ಟಿದೆ ಭಾವ, ಆದರೆ ಎಲ್ಲ ಕಡೆ ಅಲ್ಲ ಅಂದೆ. ವರ್ಜೀನಿಯಾದಲ್ಲಿ ಎರಡು ಸುತ್ತು ಅಥವಾ 120 ಸೆಕೆಂಡು, ಯಾವುದು ಮೊದಲೋ ಅಷ್ಟು ಕಾದು, ಯಾರೂ ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಬೈಕು ಹೋಗಬಹುದು. ವಿಸ್ಕಾನ್ಸಿನ್‌ನಲ್ಲಿ 45 ಸೆಕೆಂಡು. ಇಲಿನಾಯ್ಸ್‌ನಲ್ಲಿ 2012ರಿಂದ ಅವಕಾಶ ಇದೆ, ಆದರೆ ಶಿಕಾಗೊ ನಗರದೊಳಗೆ ಇಲ್ಲ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಬೈಕಿಗೆ ಇಂಥ ವಿನಾಯಿತಿ ಇಲ್ಲ. ನಿಮ್ಮ ರಾಜ್ಯದ ನಿಯಮ ಓದಿಕೊಳ್ಳದೆ ಕೆಂಪು ದಾಟಬೇಡಿ. ಕಾನೂನು ಬಿಟ್ಟರೂ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ವೇಗವಾಗಿ ಬರುವ ಒಂದೇ ಒಂದು ಕಾರು ಸಾಕು.

ಬಹಳಷ್ಟು ಕಡೆ ಒಂದು ನೇರ ಉಪಾಯ ಇದೆ. ಸುರಕ್ಷಿತವಾಗಿ ಲೇನ್ ಬದಲಿಸಲು ಆದರೆ ಬಲಕ್ಕೆ ತಿರುಗಿ. ಬೇಡ ಎಂಬ ಬೋರ್ಡು ಇಲ್ಲದಿದ್ದರೆ ಕೆಂಪಿನಲ್ಲೂ ಪೂರ್ತಿ ನಿಂತು ಬಲಕ್ಕೆ ಹೋಗಬಹುದು. ಮುಂದೆ ಅವಕಾಶ ಇರುವ ಕಡೆ ಯು ಟರ್ನ್ ತೆಗೆದುಕೊಂಡು ವಾಪಸ್ ಬನ್ನಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ದೂರು ಕೊಡಿ, ಸರಿಮಾಡುತ್ತಾರೆ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ, ಜನ ಬಿಟ್ಟುಬಿಡುವುದೂ ಇದನ್ನೇ. ಪೆಟ್ಟಿಗೆಯ ಒಳಗಿನ ಕಾರ್ಡಿನಲ್ಲಿ ಸೂಕ್ಷ್ಮತೆ ಏರಿಸುವ, ಇಳಿಸುವ ಹಂತಗಳಿರುತ್ತವೆ. ತೀರಾ ಏರಿಸಿದರೆ ಪಕ್ಕದ ಲೇನಿನ ಕಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅದಕ್ಕೇ ಕಡಿಮೆ ಇಟ್ಟಿರುತ್ತಾರೆ. ಒಂದು ಹಂತ ಏರಿಸಿದರೆ ಬೈಕಿಗೆ ಸಾಕಾಗಬಹುದು. ರಸ್ತೆ ಅಗೆಯಬೇಕಾಗಿಲ್ಲ. ಆದರೆ ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ಊರೊಳಗಿನ ರಸ್ತೆಯಾದರೆ ನಗರಾಡಳಿತದ ಸಂಚಾರ ವಿಭಾಗಕ್ಕೆ, 311 ಸೇವೆ ಇರುವ ಕಡೆ ಆ ಸಂಖ್ಯೆಗೆ, ರಾಜ್ಯ ಹೆದ್ದಾರಿಯಾದರೆ ರಾಜ್ಯದ ಸಾರಿಗೆ ಇಲಾಖೆಗೆ ತಿಳಿಸಿ. ಸಿಗ್ನಲ್ ಕೆಟ್ಟಿದೆ ಅಂತ ಬರೆದರೆ ಸಾಲದು, ಯಾಕೆಂದರೆ ಅವರು ಬಂದು ಕಾರು ನಿಲ್ಲಿಸಿ ನೋಡಿದಾಗ ಅದು ಸರಿಯಾಗಿಯೇ ನಡೆಯುತ್ತದೆ. ಎರಡೂ ರಸ್ತೆಯ ಹೆಸರು, ನೀವು ಯಾವ ದಿಕ್ಕಿಗೆ ಹೋಗುತ್ತಿದ್ದಿರಿ, ಯಾವ ಲೇನು, ತಾರೀಖು, ಗಂಟೆ, ಎಷ್ಟು ಸುತ್ತು ಕಾದಿರಿ, ಲೂಪಿನ ಯಾವ ಕಡೆ ನಿಂತಿದ್ದಿರಿ, ಇಷ್ಟೂ ಇರಲಿ. ಬೈಕು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಆಧಾರ ಇದೆ. 2007ರ ಅಸೆಂಬ್ಲಿ ಬಿಲ್ 1581 ಕಾನೂನಾಗಿ, ಹೊಸದಾಗಿ ಹಾಕುವ ಅಥವಾ ಬದಲಿಸುವ ಸಿಗ್ನಲ್ ಸೈಕಲ್ಲು, ಬೈಕುಗಳನ್ನೂ ಗುರುತಿಸಬೇಕು ಅಂತ ವಾಹನ ಸಂಹಿತೆಯ 21450.5ನೇ ಸೆಕ್ಷನ್ ಹೇಳುತ್ತದೆ.

ನನ್ನ ಆ ಎಡ ತಿರುವಿನ ಬಗ್ಗೆ ಇದೇ ರೀತಿ ಏಳು ಸಾಲು ಬರೆದು ಕಳಿಸಿದೆ. ಎರಡು ವಾರ ಕಳೆದ ಮೇಲೆ ಬೆಳಿಗ್ಗೆ ಮತ್ತೆ ಅಲ್ಲೇ, ಎಡಗೆರೆಯ ಮೇಲೆ ಎರಡೂ ಚಕ್ರ ಇಟ್ಟು ನಿಂತೆ. ಹಿಂದೆ ಯಾರೂ ಇರಲಿಲ್ಲ. ಮೊದಲ ಸುತ್ತಿನಲ್ಲೇ ಬಾಣ ಹಸಿರಾಯಿತು.